ಪ್ರೆಸ್ ಫಿಟ್, ಶ್ರಿಂಕ್ ಫಿಟ್: ಅಳತೆಯಿಂದ ಜೋಡಣೆವರೆಗೆ ಹಂತ ಹಂತವಾಗಿ

ಬುಷ್ ಅರ್ಧ ದಾರಿಯಲ್ಲಿ ಕಚ್ಚಿಕೊಂಡು ನಿಂತಿತು. ಹಬ್ ಸ್ವಲ್ಪ ದಿನಕ್ಕೇ ಶಾಫ್ಟ್ ಮೇಲೆ ಸುತ್ತತೊಡಗಿತು. ಬೇರಿಂಗ್ ಹಾಕಿದ ದಿನದಿಂದಲೇ ಸದ್ದು. ಬೆಂಗಳೂರಿನ ಪೀಣ್ಯ, ಕಾಮಾಕ್ಷಿಪಾಳ್ಯ, ಬೊಮ್ಮಸಂದ್ರದ ಕಡೆಯಿಂದ ಓದುಗರು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಈ ಮೂರಕ್ಕೇ ಬಂದು ನಿಲ್ಲುತ್ತವೆ. ಜೊತೆಗೆ "ಪ್ರೆಸ್ ಸಾಲಲಿಲ್ಲವೇನೋ, ದೊಡ್ಡದು ತರಬೇಕಾ?" ಅಂತ ಇನ್ನೊಂದು ಪ್ರಶ್ನೆ. ಹೆಚ್ಚಿನ ಸಲ ಪ್ರೆಸ್‌ನದು ಏನೂ ತಪ್ಪಿರುವುದಿಲ್ಲ. ಜಾಬ್ ಪ್ರೆಸ್ ಕೆಳಗೆ ಬರುವ ಮೊದಲೇ ಕೆಲಸ ಕೆಟ್ಟಿರುತ್ತದೆ. ಒಂದೋ ಅಳೆದೇ ಇರುವುದಿಲ್ಲ, ಇಲ್ಲವೇ ಇಷ್ಟು ಸಣ್ಣ ಅಳತೆ ಹಿಡಿಯಲಾಗದ ಸಾಧನದಲ್ಲಿ ಅಳೆದಿರುತ್ತಾರೆ.

ತಣ್ಣಗೆ ಒತ್ತಿ ಕೂರಿಸಿದರೆ ಪ್ರೆಸ್ ಫಿಟ್, ಬಿಸಿ ಮಾಡಿಯೋ ತಂಪು ಮಾಡಿಯೋ ಕೂರಿಸಿದರೆ ಶ್ರಿಂಕ್ ಫಿಟ್. ಎರಡರಲ್ಲೂ ಶಾಫ್ಟ್, ಅದು ಕೂರುವ ಹಬ್‌ನ ತೂತಿಗಿಂತ, ಅಂದರೆ ಬೋರ್‌ಗಿಂತ, ದಪ್ಪ ಇರುತ್ತದೆ. ಬೋಲ್ಟ್ ಇಲ್ಲ, ವೆಲ್ಡಿಂಗ್ ಇಲ್ಲ, ಎಷ್ಟೋ ಕಡೆ ಕೀ (ಹಬ್ ಸುತ್ತದಂತೆ ತಡೆಯುವ ಲೋಹದ ತುಂಡು) ಕೂಡ ಇಲ್ಲ. ಹಿಗ್ಗಿದ ಹಬ್ ಶಾಫ್ಟನ್ನು ಹಿಂಡಿ ಹಿಡಿಯುತ್ತದೆ, ಅಷ್ಟೇ. ಎರಡರ ವ್ಯಾಸದ ವ್ಯತ್ಯಾಸವನ್ನು ಇಲ್ಲಿ ಬಿಗಿ ಅಂತ ಕರೆಯುತ್ತೇನೆ. ಲೆಕ್ಕಕ್ಕೆ ಉದ್ದಕ್ಕೂ ಒಂದೇ ಉದಾಹರಣೆ: 50 ಮಿ.ಮೀ. ಗಟ್ಟಿ ಸ್ಟೀಲ್ ಶಾಫ್ಟ್, 100 ಮಿ.ಮೀ. ಹೊರವ್ಯಾಸದ ಸ್ಟೀಲ್ ಹಬ್, ಹಿಡಿತದ ಉದ್ದ 40 ಮಿ.ಮೀ.

ಮೊದಲು ಸಾಮಾನು ಜೋಡಿಸಿಕೊಳ್ಳಿ

0.001 ಮಿ.ಮೀ. ಓದುವ ಮೈಕ್ರೋಮೀಟರ್, ಬೋರ್ ಡಯಲ್ ಗೇಜ್, ಪ್ರೆಷರ್ ಗೇಜ್ ಇರುವ ಹೈಡ್ರಾಲಿಕ್ ಪ್ರೆಸ್, ನುಣುಪಾದ ಆಯಿಲ್ ಸ್ಟೋನ್, ಎಳೆ ಬಿಡದ ಶುಭ್ರ ಬಟ್ಟೆ, ತೆಳು ಎಣ್ಣೆ ಅಥವಾ ಮಾಲಿಬ್ಡಿನಂ ಪೇಸ್ಟ್. ಬಿಸಿ ಮಾಡಿ ಕೂರಿಸುವುದಾದರೆ ಓವನ್ ಅಥವಾ ಇಂಡಕ್ಷನ್ ಹೀಟರ್, ತಾಪ ನೋಡುವ ಸಾಧನ, ದಪ್ಪ ಚರ್ಮದ ಗ್ಲೌಸ್. ಒತ್ತುವುದಕ್ಕೆ ಎರಡೂ ತುದಿ ಚೌಕಾಗಿ ತಿರುಗಿಸಿದ ಪೈಪ್ ತುಂಡುಗಳು, ಎರಡು ಮೂರು ಅಳತೆಯವು.

ವರ್ನಿಯರ್ ಈ ಪಟ್ಟಿಯಲ್ಲಿ ಬೇಕಂತಲೇ ಇಲ್ಲ. ಅದರ ಒಂದು ಮನೆಯೇ 0.02 ಮಿ.ಮೀ., ಅಂದರೆ 20 ಮೈಕ್ರಾನ್. ನಿಮ್ಮ ಇಡೀ ಬಿಗಿಯೇ 20 ಮೈಕ್ರಾನ್ ಇರಬಹುದು. ಡಿಜಿಟಲ್ ವರ್ನಿಯರ್‌ನಲ್ಲಿ ಇನ್ನೊಂದು ಅಂಕೆ ಜಾಸ್ತಿ ಕಾಣುತ್ತದೆ ಅಂತ ನಂಬಬೇಡಿ. ಬೋರ್ ಒಳಗೆ ಅದರ ಹಲ್ಲು ಸ್ವಲ್ಪ ವಾಲಿದರೂ ಓದು ಬದಲಾಗುತ್ತದೆ.

ಹಂತ 1: ಯಾವ ಫಿಟ್ ಅಂತ ತೀರ್ಮಾನಿಸಿ

ಡ್ರಾಯಿಂಗ್‌ನಲ್ಲಿ ದೊಡ್ಡ ಅಕ್ಷರ ಇದ್ದರೆ ಬೋರ್, ಚಿಕ್ಕ ಅಕ್ಷರ ಇದ್ದರೆ ಶಾಫ್ಟ್. 50 ಮಿ.ಮೀ. ಬೋರ್‌ಗೆ ಎಚ್7 (H7) ಅಂದರೆ 50.000 ರಿಂದ 50.025. ಅದರ ಜೊತೆ ಪಿ6 (p6) ಶಾಫ್ಟ್ ಅಂದರೆ 50.026 ರಿಂದ 50.042. ಎಸ್6 (s6) ಆದರೆ 50.043 ರಿಂದ 50.059.

ಈಗ ಕಳೆಯಿರಿ. ಎಚ್7 ಪಿ6 ಜೋಡಿಯಲ್ಲಿ ಬೋರ್ ದೊಡ್ಡ ತುದಿಗೆ, ಶಾಫ್ಟ್ ಚಿಕ್ಕ ತುದಿಗೆ ಬಂದರೆ ಬಿಗಿ ಬರೀ 1 ಮೈಕ್ರಾನ್. ಎರಡೂ ಇನ್ನೊಂದು ತುದಿಗೆ ಹೋದರೆ 42 ಮೈಕ್ರಾನ್. ಎರಡೂ ಜಾಬ್ ಡ್ರಾಯಿಂಗ್ ಪ್ರಕಾರ ಸರಿ, ಇನ್‌ಸ್ಪೆಕ್ಷನ್‌ನಲ್ಲಿ ಪಾಸ್. ಆದರೂ ಒಂದು ಸುತ್ತುತ್ತದೆ, ಇನ್ನೊಂದು ಗಟ್ಟಿಯಾಗಿ ಕೂರುತ್ತದೆ. "ಹೋದ ಬ್ಯಾಚ್ ಚೆನ್ನಾಗಿತ್ತು, ಈ ಸಲ ಏನಾಯ್ತೋ" ಅನ್ನುವವರಿಗೆ ಉತ್ತರ ಹೆಚ್ಚಾಗಿ ಇಲ್ಲೇ ಇರುತ್ತದೆ.

ಪಿ6 ಜಾಗ ಹಿಡಿಯುವುದಕ್ಕೆ ಸರಿ: ಡೋವೆಲ್, ಬುಷ್, ಜೊತೆಗೆ ಕೀ ಇರುವ ಪುಲ್ಲಿ. ಬಿಗಿಯೊಂದರಿಂದಲೇ ಟಾರ್ಕ್ (ತಿರುಗಿಸುವ ಬಲ) ಹೋಗಬೇಕು ಅಂದರೆ ಎಸ್6 ಅಥವಾ ಅದಕ್ಕಿಂತ ಜಾಸ್ತಿ ಬೇಕು. ಎಚ್7 ಎಸ್6 ನಲ್ಲಿ ಬಿಗಿ 18 ರಿಂದ 59 ಮೈಕ್ರಾನ್. ಹಬ್ ಬೀಡಿನದಾಗಿದ್ದರೆ, ಅಂದರೆ ಸಿಐ (ಎರಕದ ಕಬ್ಬಿಣ), ಜಾಸ್ತಿ ಬಿಗಿ ಕೊಡುವ ಮುನ್ನ ಯೋಚಿಸಿ. ಸ್ಟೀಲ್ ಹಿಗ್ಗಿ ತಡೆದುಕೊಳ್ಳುತ್ತದೆ, ಸಿಐ ಸೀಳುತ್ತದೆ. ಸೀಳು ಹೆಚ್ಚಾಗಿ ಕೀವೇ (ಕೀ ಕೂರುವ ತೋಡು) ಮೂಲೆಯಿಂದಲೇ ಹೊರಡುತ್ತದೆ.

ಹಂತ 2: ಈ ಎರಡು ಜಾಬನ್ನೇ ಅಳೆಯಿರಿ

ಡ್ರಾಯಿಂಗ್ ಹೇಳುವುದು ಒಂದು ಹರವು. ಕೈಯಲ್ಲಿರುವುದು ಒಂದು ಶಾಫ್ಟ್, ಒಂದು ಹಬ್. ಇವೆರಡರ ನಿಜವಾದ ಬಿಗಿ ಎಷ್ಟು ಅಂತ ಕಾಗದದ ಮೇಲೆ ಬರೆದಿಡುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ. ಈ ಇಡೀ ಬರಹದಲ್ಲಿ ಒಂದೇ ಒಂದು ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ.

ಮೊದಲು ಮೈಕ್ರೋಮೀಟರ್‌ನ ಸೊನ್ನೆ ನೋಡಿ. 25–50 ರ ಮೈಕ್ರೋಮೀಟರ್ ಜೊತೆ 25 ಮಿ.ಮೀ. ಮಾಸ್ಟರ್ ಬಂದಿರುತ್ತದೆ, ಅದನ್ನು ಡಬ್ಬಿಯಲ್ಲಿ ಮಲಗಿಸಿಡಬೇಡಿ. ನಮ್ಮ 50.04 ಶಾಫ್ಟ್‌ಗೆ ಬೇಕಾಗುವುದು 50–75 ರದ್ದು ಅನ್ನುವುದೂ ನೆನಪಿರಲಿ, 25–50 ರದ್ದನ್ನು ತುದಿವರೆಗೆ ತೆರೆದು ಎಳೆದಾಡುವವರಿದ್ದಾರೆ. ಬೋರ್ ಗೇಜನ್ನು ಅದೇ ಮೈಕ್ರೋಮೀಟರ್‌ನಲ್ಲೋ ರಿಂಗ್ ಗೇಜ್‌ನಲ್ಲೋ ಸೆಟ್ ಮಾಡಿ. ಶಾಫ್ಟ್ ಮತ್ತು ಬೋರ್ ಎರಡಕ್ಕೂ ಒಂದೇ ಮೈಕ್ರೋಮೀಟರ್ ಆಧಾರವಾದರೆ ಅದರ ಸಣ್ಣ ತಪ್ಪು ಎರಡೂ ಕಡೆ ಒಂದೇ ಥರ ಬರುತ್ತದೆ, ಕಳೆದಾಗ ಹೊರಟುಹೋಗುತ್ತದೆ. ಸಾಧನದ ಮೇಲೆಯೇ ಅನುಮಾನ ಇದ್ದರೆ ಕ್ಯಾಲಿಬ್ರೇಷನ್ ಮಾಡಿಸಿ. ತುಮಕೂರು ರಸ್ತೆಯ ಸಿಎಂಟಿಐ (ಸೆಂಟ್ರಲ್ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್) ಥರದ ಸಂಸ್ಥೆ ಊರಲ್ಲೇ ಇರುವಾಗ ಅಂದಾಜಿನಲ್ಲಿ ಯಾಕೆ ಓಡಿಸಬೇಕು?

ಶಾಫ್ಟನ್ನು ಹಿಡಿತದ ಉದ್ದದ ಮೂರು ಕಡೆ ಅಳೆಯಿರಿ: ಆರಂಭ, ನಡು, ಕೊನೆ. ಪ್ರತಿ ಕಡೆಯೂ ಎರಡು ದಿಕ್ಕು, ಒಂದಕ್ಕೊಂದು ಅಡ್ಡವಾಗಿ. ಬೋರ್‌ಗೂ ಹಾಗೇ. ಆರು ಓದು ಆರು ಥರ ಬಂದರೆ ಅದೇ ಮೊದಲ ಎಚ್ಚರಿಕೆ. ಬೋರ್ ಬಾಯಿ ಹತ್ತಿರ ಅಗಲವಾಗಿ ನಡುವೆ ಕಿರಿದಾಗಿದ್ದರೆ ಟೇಪರ್ ಇದೆ ಅಂತ ಅರ್ಥ. ಆಗ ಪ್ರೆಸ್ ಸಲೀಸಾಗಿ ಶುರುವಾಗಿ ಅರ್ಧದಲ್ಲಿ ಕಚ್ಚುತ್ತದೆ. ಎರಡು ದಿಕ್ಕಿನಲ್ಲಿ ವ್ಯತ್ಯಾಸ ಬಂದರೆ ಬೋರ್ ಅಂಡಾಕಾರ. ತೆಳು ಗೋಡೆಯ ಹಬ್ಬನ್ನು ಮೂರು ಜಾ ಚಕ್‌ನಲ್ಲಿ ಜೋರಾಗಿ ಬಿಗಿದು ಬೋರ್ ಮಾಡಿದರೆ, ಬಿಟ್ಟ ಕೂಡಲೇ ದುಂಡು ಹೋಗಿಬಿಡುತ್ತದೆ. ಮೂರು ಹಾಲೆಯ ಈ ಡೊಂಕು ಎರಡು ದಿಕ್ಕಿನ ಅಳತೆಗೆ ಎಷ್ಟೋ ಸಲ ಸಿಗುವುದೇ ಇಲ್ಲ, ಎರಡು ಕಡೆ ಮಾತ್ರ ತಾಗುವ ಗೇಜನ್ನು ಪೂರ್ತಿ ಸುತ್ತು ತಿರುಗಿಸಿದರೂ ತಪ್ಪಿಸಿಕೊಳ್ಳಬಹುದು; ಅನುಮಾನ ಇದ್ದರೆ ಮೂರು ಕಾಲಿನ ಬೋರ್ ಮೈಕ್ರೋಮೀಟರ್‌ನಲ್ಲಿ ನೋಡಿ.

ಬಿಸಿ ಜಾಬ್ ಅಳೆಯಬೇಡಿ. 50 ಮಿ.ಮೀ. ಸ್ಟೀಲ್ ಪ್ರತಿ ಡಿಗ್ರಿಗೆ ಅರ್ಧ ಮೈಕ್ರಾನ್‌ಗಿಂತ ಸ್ವಲ್ಪ ಜಾಸ್ತಿ ಹಿಗ್ಗುತ್ತದೆ. ಲೇತ್‌ನಿಂದ ಆಗಷ್ಟೇ ಇಳಿಸಿದ ಶಾಫ್ಟ್ ಹಬ್‌ಗಿಂತ 20 ಡಿಗ್ರಿ ಬಿಸಿ ಇದ್ದರೆ 11 ಮೈಕ್ರಾನ್ ಸುಳ್ಳು ಬಿಗಿ ಕಾಣುತ್ತದೆ. ಎರಡನ್ನೂ ಒಂದೇ ಟೇಬಲ್ ಮೇಲೆ ಸಾಕಷ್ಟು ಹೊತ್ತು ಇಡಿ; ಊಟ ಮುಗಿಸಿ ಬಂದು ಅಳೆದರೆ ಸರಿ. ಅಳತೆಯ ಪ್ರಮಾಣಿತ ತಾಪ 20 ಡಿಗ್ರಿ. ನಮ್ಮ ಶೀಟ್ ಛಾವಣಿಯ ಶೆಡ್‌ಗಳಲ್ಲಿ ಏಪ್ರಿಲ್ ಮಧ್ಯಾಹ್ನ ಅದು ಕನಸಿನ ಮಾತು. ಸ್ಟೀಲಿಗೆ ಸ್ಟೀಲ್ ಆದರೆ ಚಿಂತೆ ಇಲ್ಲ, ಎರಡೂ ಒಟ್ಟಿಗೇ ಹಿಗ್ಗಿರುತ್ತವೆ. ಅಲ್ಯೂಮಿನಿಯಂ ಹೌಸಿಂಗ್ ಆದರೆ ಅದು ಸ್ಟೀಲಿನ ಎರಡರಷ್ಟು ಹಿಗ್ಗುತ್ತದೆ. ಆಗ ತಾಪ ಬರೆದುಕೊಂಡು ಲೆಕ್ಕಕ್ಕೆ ಸೇರಿಸಬೇಕು.

ಹಂತ 3: ಒರಟು ಕಳೆಯಿರಿ, ಟನ್ ಲೆಕ್ಕ ಹಾಕಿ

ಮೈಕ್ರೋಮೀಟರ್ ಮುಟ್ಟುವುದು ಟೂಲ್ ಗೆರೆಗಳ ತಲೆಯನ್ನು. ಒತ್ತುವಾಗ ಆ ತಲೆಗಳು ಚಪ್ಪಟೆಯಾಗುತ್ತವೆ. ಎರಡೂ ಮುಖದ ಒರಟು ಆರ್‌ಝಡ್ (Rz, ಗೆರೆಗಳ ತಲೆಯಿಂದ ತಳದವರೆಗಿನ ಎತ್ತರ, ಮೈಕ್ರಾನ್‌ನಲ್ಲಿ) 6.3 ಇದ್ದರೆ ಸುಮಾರು 10 ಮೈಕ್ರಾನ್ ಬಿಗಿ ಹೀಗೇ ಕಳೆದುಹೋಗುತ್ತದೆ. ಹಿಂದೆ ಹೇಳಿದ 1 ಮೈಕ್ರಾನ್ ಪಿ6 ಜೋಡಿಯಲ್ಲಿ ಆಮೇಲೆ ಏನು ಉಳಿಯುತ್ತದೆ ಹೇಳಿ! ಹಿಡಿತ ಮುಖ್ಯವಾದ ಕಡೆ ಶಾಫ್ಟ್ ಗ್ರೈಂಡ್ ಮಾಡಿಸಿ. ಟರ್ನಿಂಗ್ ಗೆರೆ ಉಗುರಿಗೆ ತಾಗುತ್ತಿದ್ದರೆ ಅದು ಈ ಕೆಲಸದ ಶಾಫ್ಟ್ ಅಲ್ಲ.

ಗಟ್ಟಿ ಸ್ಟೀಲ್ ಶಾಫ್ಟ್, ಸ್ಟೀಲ್ ಹಬ್ ಇದ್ದಾಗ ಲೆಕ್ಕ ಹೀಗೆ. ಒತ್ತಡ = (ಬಿಗಿ ÷ ವ್ಯಾಸ) × 103000 × (1 − ಒಳವ್ಯಾಸದ ವರ್ಗ ÷ ಹೊರವ್ಯಾಸದ ವರ್ಗ). ಅಳತೆ ಮಿ.ಮೀ.ನಲ್ಲಿ, ಉತ್ತರ ಮೆಗಾಪ್ಯಾಸ್ಕಲ್‌ನಲ್ಲಿ. ಒರಟು ಕಳೆದು 0.04 ಮಿ.ಮೀ. ಬಿಗಿ ಉಳಿದಿದೆ ಅನ್ನಿ. 0.04 ÷ 50 × 103000 × 0.75 ಅಂದರೆ ಸುಮಾರು 62 ಮೆಗಾಪ್ಯಾಸ್ಕಲ್.

ತಳ್ಳುವ ಬಲ = 3.14 × ವ್ಯಾಸ × ಉದ್ದ × ಒತ್ತಡ × ಘರ್ಷಣೆ. ಎಣ್ಣೆ ಹಚ್ಚಿದ ಸ್ಟೀಲಿಗೆ ಘರ್ಷಣೆ 0.12 ಇಟ್ಟುಕೊಂಡರೆ ಸುಮಾರು 46,700 ನ್ಯೂಟನ್, ಅಂದರೆ ಐದು ಟನ್‌ಗೆ ಸ್ವಲ್ಪ ಕಮ್ಮಿ. ಬಿಗಿ 0.059 ಇದ್ದರೆ ಅದೇ ಏಳು ಟನ್. ಹತ್ತು ಟನ್ ಪ್ರೆಸ್ ಸಾಕು. ಆ ಬಲವನ್ನು ಶಾಫ್ಟ್ ತ್ರಿಜ್ಯ 0.025 ಮೀಟರ್‌ನಿಂದ ಗುಣಿಸಿದರೆ ಜಾರುವ ಟಾರ್ಕ್ ಸಿಗುತ್ತದೆ. 0.04 ಬಿಗಿಗೆ ಅದು ಸುಮಾರು 1,160 ನ್ಯೂಟನ್ ಮೀಟರ್. ಮೋಟಾರು ಶುರುವಾಗುವಾಗಿನ ಜರ್ಕ್ ಸೇರಿಸಿ, ಇದರ ಅರ್ಧಕ್ಕಿಂತ ಜಾಸ್ತಿ ಬಳಸದಿದ್ದರೆ ಒಳ್ಳೆಯದು.

ಈ ಟನ್ ಅಂಕೆಯನ್ನು ಸೀಮೆಸುಣ್ಣದಲ್ಲಿ ಪ್ರೆಸ್ ಮೇಲೆ ಬರೆಯಿರಿ. ಮುಂದೆ ಕೆಲಸಕ್ಕೆ ಬರುತ್ತದೆ.

ಹಂತ 4: ಜಾಬ್ ತಯಾರಿ

ಶಾಫ್ಟ್ ಮೂತಿಗೆ 45 ಡಿಗ್ರಿ ಚಾಂಫರ್ ಹಾಕಿ ಮುಗಿಸುವುದು ಎಲ್ಲ ಕಡೆ ಕಾಣುವ ತಪ್ಪು. ಅದರ ಅಂಚು ಟೂಲ್ ಥರ ಬೋರನ್ನು ಕೆರೆಯುತ್ತದೆ. ಪ್ರೆಸ್ ಮಾಡಿದಾಗ ಸುರುಳಿ ಚಿಪ್ಸ್ ಹೊರಬಂದರೆ ನಿಮ್ಮ ಬಿಗಿಯೇ ಹೊರಬರುತ್ತಿದೆ ಅಂತ ತಿಳಿಯಿರಿ. 5 ಡಿಗ್ರಿಯಷ್ಟು ಸಣ್ಣ ಇಳಿಜಾರು, 3 ಮಿ.ಮೀ. ಉದ್ದ ಕೊಡಿ. ಇಳಿಜಾರು ಮುಗಿದು ಶಾಫ್ಟ್ ಶುರುವಾಗುವ ಅಂಚನ್ನು ಆಯಿಲ್ ಸ್ಟೋನ್‌ನಿಂದ ಉಜ್ಜಿ ದುಂಡು ಮಾಡಿ.

ಬೋರ್ ಇನ್ನೊಂದು ಕಡೆ ಮುಚ್ಚಿದ್ದರೆ ಗಾಳಿ ಹೋಗಲು ಸಣ್ಣ ತೂತು ಬೇಕು, ಇಲ್ಲವೇ ಪಿನ್ ಉದ್ದಕ್ಕೆ ಒಂದು ಚಪ್ಪಟೆ ಗೀರು. ಸಿಕ್ಕಿಹಾಕಿಕೊಂಡ ಗಾಳಿ ಪಿನ್ನನ್ನು ವಾಪಸ್ ತಳ್ಳುತ್ತದೆ. ಎಣ್ಣೆ ತುಂಬಿದ್ದರೆ ಇನ್ನೂ ಕೆಟ್ಟದ್ದು, ಹೌಸಿಂಗೇ ಒಡೆಯಬಹುದು.

ಬರ್ ತೆಗೆಯಿರಿ. ಕೀವೇ ಅಂಚು, ಎಣ್ಣೆ ತೂತಿನ ಬಾಯಿ ಮರೆಯಬೇಡಿ. ಎಮರಿ ಪೇಪರ್ ಉಜ್ಜಿದ ಮೇಲೆ ಅದರ ಪುಡಿ ಉಳಿಯದಂತೆ ತೊಳೆಯಿರಿ. ಕೊನೆಗೆ ಎಣ್ಣೆ, ತೆಳ್ಳಗೆ, ಎರಡೂ ಮುಖಕ್ಕೆ. ಬಿಸಿ ಮಾಡಿ ಕೂರಿಸುವುದಾದರೆ ಇದಕ್ಕೆ ತದ್ವಿರುದ್ಧ: ಒಣಗಿರಬೇಕು, ಜಿಡ್ಡು ಇರಬಾರದು.

ಹಂತ 5: ತಣ್ಣಗೆ ಒತ್ತುವುದು

ಹಬ್ಬನ್ನು ಬೋರ್‌ನ ಸುತ್ತಲೇ ಆಧಾರ ಸಿಗುವಂತೆ ಕೂರಿಸಿ, ಶಾಫ್ಟ್ ಕೆಳಗೆ ಹೋಗಲು ಜಾಗ ಬಿಡಿ. ಶಾಫ್ಟ್ ನೆಟ್ಟಗಿದೆಯಾ ಅಂತ ಎರಡು ಕಡೆಯಿಂದ ಮೂಲೆಮಟ್ಟ (ಟ್ರೈ ಸ್ಕ್ವೇರ್) ಇಟ್ಟು ನೋಡಿ. ಕಣ್ಣಳತೆ ಸಾಲದು. ಮೊದಲ ಎರಡು ಮೂರು ಮಿ.ಮೀ. ಒತ್ತಿ, ಒತ್ತಡ ಬಿಟ್ಟು, ಮತ್ತೆ ನೋಡಿ. ವಾಲಿದ್ದರೆ ಈಗಲೇ ತೆಗೆಯಿರಿ. ಹತ್ತು ಮಿ.ಮೀ. ಹೋದ ಮೇಲೆ ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡುವ ಶಾಸ್ತ್ರ ಬೇಡ.

ನೆಟ್ಟಗಿದ್ದರೆ ಒಂದೇ ಸಮನೆ, ನಿಧಾನಕ್ಕೆ, ಸೆಕೆಂಡಿಗೆ 2 ಮಿ.ಮೀ. ಮೀರದಂತೆ ಒತ್ತಿ. ನಡುವೆ ನಿಲ್ಲಿಸಬೇಡಿ. ನಿಂತರೆ ಮತ್ತೆ ಹೊರಡಿಸಲು ಜಾಸ್ತಿ ಬಲ ಬೇಕು, ಮುಖ ಕಚ್ಚಿಕೊಳ್ಳುವ ಸಾಧ್ಯತೆಯೂ ಹೆಚ್ಚು. ಕರೆಂಟಿನ ಪವರ್ ಪ್ಯಾಕ್ ಇದ್ದರೆ ಬೆಸ್ಕಾಂ ಆ ದಿನ ಆ ಏರಿಯಾಗೆ ಪವರ್ ಕಟ್ ಹೇಳಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ.

ಒತ್ತುವಾಗ ಕಣ್ಣು ಪ್ರೆಷರ್ ಗೇಜ್ ಮೇಲಿರಲಿ. ಗೇಜ್ ಬಾರ್‌ನಲ್ಲಿದ್ದರೆ ಸಿಲಿಂಡರಿನ ವಿಸ್ತೀರ್ಣ ಹಿಡಿದು ಟನ್‌ಗೆ ತಿರುಗಿಸಿ. ಬಲ ಒಳಹೋದ ಉದ್ದಕ್ಕೆ ತಕ್ಕಂತೆ ಸಮನಾಗಿ ಏರಬೇಕು. ದಿಢೀರ್ ಏರಿತೋ, ಕಚ್ಚಿದೆ ಅಥವಾ ವಾಲಿದೆ. ನಿಲ್ಲಿಸಿ, ಹಿಂದಕ್ಕೆ ತೆಗೆಯಿರಿ. ದಿಢೀರ್ ಇಳಿಯಿತೋ, ಹಬ್ ಸೀಳಿರಬಹುದು. ಟಪ್ ಅಂತ ಸದ್ದೂ ಬಂದರೆ ಖಚಿತ. ಬಲ ಏರುತ್ತಲೇ ಇಲ್ಲ, ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಗುತ್ತಿದೆ ಅಂದರೆ ಖುಷಿಪಡಬೇಡಿ, ಬಿಗಿಯೇ ಇಲ್ಲ. ಸೀಮೆಸುಣ್ಣದಲ್ಲಿ ಬರೆದ ಅಂಕೆಯ ಅರ್ಧವೂ ಬರದಿದ್ದರೆ ಆ ಜೋಡಿಯನ್ನು ಪಾಸ್ ಮಾಡಬೇಡಿ. ಕಿರ್ರ್, ಟಕ್, ಕಿರ್ರ್ ಅಂತ ಜಗ್ಗಿ ಜಗ್ಗಿ ಹೋಗುತ್ತಿದ್ದರೆ ಎಣ್ಣೆ ಸಾಲದು.

ಪ್ರೆಸ್ ಮುಂದೆ ಗಾರ್ಡ್ ಇರಲಿ, ಕನ್ನಡಕ ಕಡ್ಡಾಯ. ಗಡಸು ಮಾಡಿದ ಡೋವೆಲ್ ಪಿನ್ ಚೂರಾಗಿ ಹಾರುತ್ತದೆ.

ಹಂತ 6: ಬಿಸಿ ಮಾಡಿ ಕೂರಿಸುವುದು

ಬಿಗಿ ಜಾಸ್ತಿ ಇದ್ದಾಗ ಇದೇ ವಾಸಿ. ಮುಖ ಸವೆಯುವುದಿಲ್ಲ, ಹಿಡಿತವೂ ಚೆನ್ನ. ತಾಪ ಎಷ್ಟು ಬೇಕು? ಬಿಗಿಯ ಮೇಲೆ ಒಳಗೆ ಇಳಿಯಲು ಸಡಿಲ ಬೇಕು; ವ್ಯಾಸದ ಪ್ರತಿ ಮಿ.ಮೀ.ಗೆ 1 ಮೈಕ್ರಾನ್ ಇಟ್ಟುಕೊಳ್ಳಿ. 59 ಬಿಗಿ, 50 ಸಡಿಲ, ಒಟ್ಟು 109 ಮೈಕ್ರಾನ್. ಪ್ರತಿ ಡಿಗ್ರಿಗೆ 0.575 ಮೈಕ್ರಾನ್ ಹಿಡಿದರೆ 190 ಡಿಗ್ರಿ ಏರಿಸಬೇಕು. ಶೆಡ್ 27 ಇದ್ದರೆ ಹಬ್ 217 ಕ್ಕೆ ಬರಬೇಕು. ಓವನ್‌ನಿಂದ ತೆಗೆದು ಇಡುವಷ್ಟರಲ್ಲಿ ಇಳಿಯುವ ತಾಪಕ್ಕೆ ಇನ್ನೊಂದಿಷ್ಟು.

ಗ್ಯಾಸ್ ಟಾರ್ಚ್‌ನಲ್ಲಿ ಒಂದೇ ಕಡೆ ಬಿಸಿ ಮಾಡಬೇಡಿ. ಹಬ್ ಅಂಡಾಕಾರವಾಗಿ ಹಿಗ್ಗುತ್ತದೆ, ಒಂದು ಬದಿ ಕಚ್ಚುತ್ತದೆ. ಸ್ಟೀಲ್ ನೀಲಿ ಬಣ್ಣಕ್ಕೆ ತಿರುಗಿದರೆ 300 ಡಿಗ್ರಿಯ ಆಸುಪಾಸು ಮುಟ್ಟಿದೆ. ಗಡಸು ಮಾಡಿದ ಗೇರ್ ಆಗಿದ್ದರೆ ಗಡಸು ಇಳಿದಿರಬಹುದು. ಓವನ್ ಇಲ್ಲದವರು ಎಣ್ಣೆಯಲ್ಲಿ ಬಿಸಿ ಮಾಡುತ್ತಾರೆ. 100 ಡಿಗ್ರಿ ಆಸುಪಾಸಿಗೆ ಸರಿ. 200 ದಾಟಿಸಲು ಹೋದರೆ ಬೆಂಕಿ ಹತ್ತುವ ಅಪಾಯ ಇದೆ, ಬೇಡ.

ಇನ್‌ಫ್ರಾರೆಡ್ ಗನ್ ಹಿಡಿಯುವವರಿಗೆ ಒಂದು ಮಾತು. ಹೊಳೆಯುವ ಸ್ಟೀಲ್ ಮೇಲೆ ಅದು ಕಮ್ಮಿ ತೋರಿಸುತ್ತದೆ. ನೀವು ಇನ್ನೂ ಬಿಸಿ ಮಾಡುತ್ತಾ ಹೋಗುತ್ತೀರಿ. ಶಾಖ ತಡೆಯುವ ಮಂಕು ಕಪ್ಪು ಬಣ್ಣ ಒಂದು ರೂಪಾಯಿ ನಾಣ್ಯದಷ್ಟು ಬಳಿದು ಅಲ್ಲಿ ಅಳೆಯಿರಿ, ಅಥವಾ ತಾಪ ತೋರಿಸುವ ಕ್ರೇಯಾನ್ ಬಳಸಿ.

ಬಿಸಿ ಮಾಡುವ ಮುಂಚೆ ತಣ್ಣಗಿರುವಾಗಲೇ ಒಂದು ಸಲ ಅಭಿನಯ ಮಾಡಿ ನೋಡಿ. ಯಾರು ಎತ್ತುತ್ತಾರೆ, ಎಲ್ಲಿ ಇಡುತ್ತಾರೆ, ಕೀ ಯಾವ ಕಡೆ. ಹಬ್ ಶಾಫ್ಟಿಗೆ ತಾಗಿದ ಕ್ಷಣದಿಂದ ಶಾಫ್ಟ್ ಬಿಸಿಯಾಗಿ ಹಿಗ್ಗುತ್ತದೆ, ಹಬ್ ತಣ್ಣಗಾಗಿ ಕುಗ್ಗುತ್ತದೆ. ನಿಮಗೆ ಸಿಗುವುದು ಕೆಲವೇ ಸೆಕೆಂಡು. ಕೂತ ಮೇಲೆ ಕೈ ಬಿಡಬೇಡಿ. ತಣ್ಣಗಾಗುವಾಗ ಹಬ್ ಉದ್ದದಲ್ಲೂ ಕುಗ್ಗಿ ಶೋಲ್ಡರ್‌ನಿಂದ (ಹಬ್ ಆನಿಕೊಳ್ಳುವ ಶಾಫ್ಟಿನ ಮೆಟ್ಟಿಲು) ದೂರ ಸರಿಯುತ್ತದೆ. ಹಿಡಿಯುವ ತನಕ ಶೋಲ್ಡರಿಗೆ ಒತ್ತಿ ಹಿಡಿಯಿರಿ, ಆಮೇಲೆ 0.03 ಫೀಲರ್ ಗೇಜ್ ತೂರುತ್ತದಾ ನೋಡಿ. ನೀರು ಸುರಿದು ತಣ್ಣಗೆ ಮಾಡಬೇಡಿ.

ಅರ್ಧದಲ್ಲಿ ನಿಂತುಬಿಟ್ಟರೆ ಬಡಿಯಬೇಡಿ. ತಕ್ಷಣ ಪ್ರೆಸ್‌ನಲ್ಲಿ ಹೊರಗೆ ತೆಗೆಯಿರಿ. ತಣ್ಣಗಾದ ಮೇಲೆ ತಳ್ಳಿ ಪೂರೈಸುತ್ತೇನೆ ಅಂದರೆ ಎರಡೂ ಜಾಬ್ ಹೋಗುತ್ತವೆ.

ಹಬ್ ದೊಡ್ಡದಾಗಿ ಬಿಸಿ ಮಾಡಲಾಗದಿದ್ದರೆ ಒಳಗಿನ ಭಾಗವನ್ನು ತಂಪು ಮಾಡಬಹುದು. ಡ್ರೈ ಐಸ್ ಮೈನಸ್ 78 ಡಿಗ್ರಿ, 50 ಮಿ.ಮೀ. ಸ್ಟೀಲ್ ಸುಮಾರು 0.055 ಮಿ.ಮೀ. ಕುಗ್ಗುತ್ತದೆ. ದ್ರವ ಸಾರಜನಕ ಮೈನಸ್ 196, 0.1 ಮಿ.ಮೀ. ಹತ್ತಿರ ಕುಗ್ಗಿಸುತ್ತದೆ. ಬಾಗಿಲು ಕಿಟಕಿ ತೆರೆದಿರಲಿ. ಎರಡೂ ಆವಿಯಾಗಿ ಆಮ್ಲಜನಕವನ್ನು ಹೊರದೂಡುತ್ತವೆ, ತಗ್ಗಿನ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. ಮೇಲೆ ಕಟ್ಟುವ ಮಂಜು ಒರೆಸಿಯೇ ಒಳಗೆ ಬಿಡಿ.

ಹಂತ 7: ಬೇರಿಂಗ್ ಮತ್ತು ಬುಷ್‌ಗೆ ಬೇರೆ ನಿಯಮ

ಬೇರಿಂಗ್‌ನಲ್ಲಿ ಯಾವ ರಿಂಗ್ ಟೈಟ್ ಕೂರಬೇಕೋ ಅದನ್ನೇ ಒತ್ತಿ. ಶಾಫ್ಟ್ ಮೇಲೆ ಹಾಕುವಾಗ ಒಳ ರಿಂಗ್, ಹೌಸಿಂಗ್‌ಗೆ ಹಾಕುವಾಗ ಹೊರ ರಿಂಗ್. ತಪ್ಪು ರಿಂಗ್ ಒತ್ತಿದರೆ ಬಲವೆಲ್ಲ ಬಾಲ್‌ಗಳ ಮೂಲಕ ಹೋಗಿ ಟ್ರ್ಯಾಕ್‌ನಲ್ಲಿ ಗುಳಿ ಬೀಳುತ್ತದೆ. ಹಾಕಿದ ದಿನದ ಸದ್ದು ಹೆಚ್ಚಾಗಿ ಅದೇ. ಬೇರಿಂಗನ್ನು 120 ಡಿಗ್ರಿ ದಾಟಿಸಬೇಡಿ. ಗ್ರೀಸ್ ತುಂಬಿ ಸೀಲ್ ಮಾಡಿದ್ದಾದರೆ 80 ಕ್ಕೇ ನಿಲ್ಲಿಸಿ, ಎಣ್ಣೆಯಲ್ಲಂತೂ ಮುಳುಗಿಸಲೇಬೇಡಿ. ಇಂಡಕ್ಷನ್ ಹೀಟರ್ ಆದರೆ ಕೊನೆಗೆ ಅಯಸ್ಕಾಂತ ಗುಣ ತೆಗೆಯುವ ಸೈಕಲ್ ಓಡಿಸಿ, ಇಲ್ಲದಿದ್ದರೆ ಸ್ಟೀಲ್ ಪುಡಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಬೇರಿಂಗ್‌ಗೆ ಎಸ್6 ಬಿಗಿ ಕೊಡಬೇಡಿ. 50 ಮಿ.ಮೀ. ಬೇರಿಂಗ್ ಬೋರ್ ಮೊದಲೇ 12 ಮೈಕ್ರಾನ್ ತನಕ ಚಿಕ್ಕದಿರುತ್ತದೆ, ಸಾಧಾರಣ ಲೋಡಿಗೆ ಕೆ6 (k6) ಶಾಫ್ಟ್ ಸಾಕು.

ಗನ್‌ಮೆಟಲ್ ಬುಷ್ ಒತ್ತಿದ ಮೇಲೆ ಅದರ ಒಳವ್ಯಾಸ ಕುಗ್ಗುತ್ತದೆ. ಗೋಡೆ ತೆಳ್ಳಗಿದ್ದರೆ ಬಿಗಿ ಎಷ್ಟೋ ಬಹುತೇಕ ಅಷ್ಟೇ. ಮೊದಲೇ ಫೈನಲ್ ಸೈಜ್ ಮಾಡಿಟ್ಟರೆ ಶಾಫ್ಟ್ ಹೋಗುವುದಿಲ್ಲ. ಮೊದಲು ಒತ್ತಿ, ಆಮೇಲೆ ರೀಮ್ ಮಾಡಿ.

ಹಂತ 8: ಆದ ಮೇಲೆ

ತಣ್ಣಗೆ ಒತ್ತಿದ ಜೋಡಿಗೆ ಪೂರ್ತಿ ಲೋಡ್ ಕೊಡುವ ಮುಂಚೆ ಒಂದು ದಿನ ಬಿಡಿ. ಹಬ್ ಮತ್ತು ಶಾಫ್ಟ್ ಮುಖದ ಮೇಲೆ ಅಡ್ಡಲಾಗಿ ಒಂದು ಬಣ್ಣದ ಗೆರೆ ಎಳೆಯಿರಿ. ಓಡಿದ ಮೇಲೆ ಗೆರೆ ಮುರಿದಿದ್ದರೆ ಜಾರಿದೆ. ಜೋಡಣೆಯ ಅಂಚಿನಲ್ಲಿ ಕೆಂಗಂದು ಪುಡಿ ಕಂಡರೆ ಒಳಗೆ ಮೈಕ್ರಾನ್ ಲೆಕ್ಕದಲ್ಲಿ ಅಲುಗಾಡುತ್ತಿದೆ. ಒರೆಸಿ ಮರೆಯುವ ತುಕ್ಕಲ್ಲ ಅದು.

ಸಡಿಲಾದ ಶಾಫ್ಟಿಗೆ ಸೆಂಟರ್ ಪಂಚ್ ಹೊಡೆದು ಉಬ್ಬಿಸಿ ಮತ್ತೆ ಹಾಕುವ ಚಾಳಿ ನಮ್ಮಲ್ಲಿ ಬಹಳ. ಆ ಉಬ್ಬುಗಳ ತುದಿ ಮಾತ್ರ ಬೋರ್‌ಗೆ ತಾಗುತ್ತದೆ, ಬೇಗ ಸವೆಯುತ್ತದೆ, ಸೆಂಟರ್ ಕೂಡ ಹೋಗುತ್ತದೆ. ತೀರಾ ಸ್ವಲ್ಪ ಸಡಿಲವಿದ್ದರೆ ಸಿಲಿಂಡರ್ ಜೋಡಣೆಗೆಂದೇ ಬರುವ ಲಾಕ್‌ಟೈಟ್‌ನಂಥ ಅಂಟು ಹಾಕಬಹುದು. ಜಾಸ್ತಿ ಇದ್ದರೆ ಶಾಫ್ಟಿಗೆ ಲೋಹ ಕಟ್ಟಿಸಿ ಗ್ರೈಂಡ್ ಮಾಡಿಸಿ, ಇಲ್ಲವೇ ಹೊಸದು ಮಾಡಿಸಿ.

ಬಿಚ್ಚುವಾಗ ಪುಲ್ಲರ್ ಅಥವಾ ಪ್ರೆಸ್ ಬಳಸಿ, ಹಬ್ಬನ್ನು ಮಾತ್ರ ಬೇಗ ಬಿಸಿ ಮಾಡಿ. ಬಿಚ್ಚಿದ ಜೋಡಿಯನ್ನು ಹಳೆಯ ಅಳತೆ ನಂಬಿ ವಾಪಸ್ ಹಾಕಬೇಡಿ. ಒರಟು ಆಗಲೇ ಸವೆದಿರುತ್ತದೆ, ಬೋರ್ ಒಂದಿಷ್ಟು ದೊಡ್ಡದಾಗಿರಬಹುದು. ಬೋರನ್ನು ಮತ್ತೆ ಅಳೆದು, ಆ ಅಳತೆಗೆ ಹೊಸ ಶಾಫ್ಟ್ ಗ್ರೈಂಡ್ ಮಾಡಿಸಿ.